ತಡಿ ಮಾರಾಯ

ನಾನು ಲಿಫ್ಟ್ ರಿಪೇರಿಯವ. ನಮ್ಮ ಭಾಷೆಯಲ್ಲಿ
ಡ್ರಾಪ್ ಅಂದರೆ ಹಗ್ಗ ಕಡಿದು ಪೆಟ್ಟಿಗೆ ಬೀಳುವುದು,
ಪೊಲೀಸರು ಬರುವುದು, ಫೋರ್‌ಮನ್ನಿನ ವೀಸಾ ಹೋಗುವುದು.
ವಲೇರಿಯನ್‌ನ ಭಾಷೆಯಲ್ಲಿ
ಎಲ್ಲವೂ ಒಮ್ಮೆ ನಿಂತು, ಮತ್ತೆ ಬಿದ್ದು,
ಬಿದ್ದಲ್ಲೇ ಜನ ಹಾರುವುದು.
ಗುದೈಬಿಯಾದ ಕೋಣೆ, ಒಂದೇ ಕಬ್ಬಿಣದ ಮಂಚ,
ಅವನು ಮೇಲೆ, ನಾನು ಕೆಳಗೆ,
ಈ ಒಂದು ಪದಕ್ಕೆ ಹನ್ನೊಂದು ವರ್ಷ ಜಗಳಾಡಿದೆವು.

ಅವನು ಬಂದದ್ದು ಹೋಟೆಲಿನ ಲಾಂಡ್ರಿಗೆ.
ಯಂತ್ರದ ಹೊಟ್ಟೆಯಲ್ಲಿ ಚಾದರ ತಿರುಗುವಾಗ
ಬೆರಳಲ್ಲಿ ಎಣಿಸುತ್ತಿದ್ದನಂತೆ, ನಿಮಿಷಕ್ಕೆ ನೂರ ಇಪ್ಪತ್ತನಾಲ್ಕು.
ಒಂದು ಗುರುವಾರ, ಸೇತುವೆ ದಾಟಿ ಕಾರುಗಳು ಸಾಲುಗಟ್ಟುವ ರಾತ್ರಿ,
ಬಾರಿನ ಫಿಲಿಪಿನೊ ಡೀಜೆಗೆ ಜ್ವರ.
ಸೋಪು ವಾಸನೆಯ ಕೈಯನ್ನು ಇವನು ಫೇಡರಿನ ಮೇಲಿಟ್ಟ.
ಮರುವಾರ ಗೋಡೆಯಲ್ಲಿ ಪೋಸ್ಟರು: ಡೀಜೆ ವ್ಯಾಲ್.
ಹೆಸರಿನ ಉಳಿದರ್ಧ ಎಲ್ಲಿ ಅಂತ ಕೇಳಿದೆ.
"ಆಫೀಸಿನ ಲಾಕರಲ್ಲಿ, ಪಾಸ್‌ಪೋರ್ಟಿನ ಜೊತೆ" ಎಂದ.

ಸಂಬಳ ಮಾತ್ರ ಲಾಂಡ್ರಿಯದ್ದೇ.
ಜುಫೈರಿನ ಮೂರು ಬಾರು, ಒಂದು ಪಾರ್ಟಿ ದೋಣಿ,
ಮಕ್ಕಳ ಬರ್ತ್‌ಡೇಗೆ ಮೊಲದ ಕಿವಿ ಕಟ್ಟಿಕೊಂಡೂ ನುಡಿಸಿದ್ದಾನೆ.
ಬೆಳಗಿನ ಮೂರಕ್ಕೆ ಬಂದು ಹತ್ತುವಾಗ ಮಂಚ ಕಿರುಗುಟ್ಟುತ್ತಿತ್ತು,
ಅದನ್ನೂ ರೆಕಾರ್ಡು ಮಾಡಿದ.
ರಂಜಾನಿನಲ್ಲಿ ಬಾರುಗಳು ಬಾಯಿ ಮುಚ್ಚುತ್ತವೆ, ಟಿಪ್ಸೂ ಇಲ್ಲ.
ಆ ಮೂವತ್ತು ರಾತ್ರಿ ಕಂಬಳಿ ಮುಸುಕಿ
ಲ್ಯಾಪ್‌ಟಾಪಿನ ಬೆಳಕಲ್ಲಿ ಹಾಡು ಕಟ್ಟುತ್ತಿದ್ದ.
ನಾನು ಸಹರಿಗೆ ಎದ್ದರೆ ಮೇಲಿನಿಂದ ಬಗ್ಗಿ
ಇಯರ್‌ಫೋನಿನ ಒಂದು ತುದಿ ಕೊಡುವ:
"ಕೇಳು, ಇಲ್ಲಿ ಏನೋ ಕಡಿಮೆ."
ನನಗೆ ಎಲ್ಲವೂ ಹೆಚ್ಚೇ ಅನಿಸುತ್ತಿತ್ತು.
ಖರ್ಜೂರದ ಬೀಜ ಬಾಯಲ್ಲಿಟ್ಟು ತಲೆಯಾಡಿಸುತ್ತಿದ್ದೆ.

ಕಡಿಮೆಯಿದ್ದದ್ದು ಸಿಕ್ಕಿದ್ದು ನನ್ನ ಗಂಟಲಲ್ಲಿ.
ಹೂರಾದ ಒಂದು ಕಟ್ಟಡ, ಲಿಫ್ಟಿನ ಬಾವಿಯೊಳಗೆ ನಾನು,
ಹನ್ನೆರಡನೇ ಮಹಡಿಯಲ್ಲಿ, ಮೋಟರಿನ ಬಳಿ,
ಹಾವೇರಿಯ ಹೊಸ ಹುಡುಗ ಫಕೀರೇಶ.
ಅನ್ನಕ್ಕಿಡು ಅಂತ ವಲೇರಿಯನ್‌ಗೆ ವಾಯ್ಸ್ ಮೆಸೇಜು ಮಾಡುತ್ತಿದ್ದೆ,
ತಲೆಯೆತ್ತಿದರೆ ಹುಡುಗನ ಕೈ ಸ್ವಿಚ್ಚಿನ ಮೇಲೆ.
ಕೂಗಿದೆ: ತಡಿ ಮಾರಾಯ, ತಡಿ!
ಬದುಕಿ ಮನೆಗೆ ಬಂದೆ. ಅನ್ನ ಆಗಿರಲಿಲ್ಲ.
ನನ್ನ ಕೂಗನ್ನು ಕತ್ತರಿಸಿ, ಒಗೆದು, ಹಿಂಡಿ,
ಬಾವಿಯ ಪ್ರತಿಧ್ವನಿ ಮಾತ್ರ ಹಾಗೇ ಉಳಿಸಿ,
ತಾಳವೆಲ್ಲ ನಿಲ್ಲುವ ಜಾಗದಲ್ಲಿ ಇಟ್ಟಿದ್ದ.
ಆಮೇಲೆ ಎರಡು ಕ್ಷಣ ಏನೂ ಇಲ್ಲ.
ಆಮೇಲೆ ಬಿತ್ತು.
ಹೊಟ್ಟೆಯೊಳಗೆ ಹನ್ನೆರಡು ಮಹಡಿ ಕುಸಿಯಿತು.
ಪದದ ಜಗಳ ಅವತ್ತು ಬಿಟ್ಟೆ.

ಮಾರಿದ್ದು ನಾನೂರು ದಿನಾರಿಗೆ, ಹೆಸರಿಲ್ಲದೆ,
ಹಾಲೆಂಡಿನ ಒಬ್ಬ ದೊಡ್ಡ ಡೀಜೆಗೆ.
ಕರಾರಿನಲ್ಲಿ ಒಂದು ಸಾಲು: ಯಾರಿಗೂ ಹೇಳತಕ್ಕದ್ದಲ್ಲ.
ಅವನ ಎಡಗಿವಿಯಲ್ಲಿ ಆಗಲೇ ಹಗಲಿರುಳು ಒಂದು ಸೀಟಿ;
ಕಿವಿಯ ಡಾಕ್ಟರು ಅರ್ಧ ತಿಂದರು,
ಹಳೇ ಸ್ಪೀಕರಿನ ಸಾಲ ನೂರು,
ಉಳಿದದ್ದರಲ್ಲಿ ಇಡೀ ಕೋಣೆಗೆ ಅಂಜಲ್ ಮೀನು.
ಮುಳ್ಳು ಬಿಡಿಸುತ್ತಾ ನನಗೆ ಹೇಳಿದ.

ಸಖೀರಿನ ಮರಳಿಗೆ ಆ ಹಾಲೆಂಡಿನವ ಬಂದ ರಾತ್ರಿ
ಅವನನ್ನೆತ್ತುವ ಹೈಡ್ರಾಲಿಕ್ಕು ನಮ್ಮ ಕಂಪೆನಿಯದು.
ವಲೇರಿಯನ್‌ನನ್ನು ಹೆಲ್ಪರ್ ಅಂತ ಬರೆಸಿ
ನನ್ನ ಹಳದಿ ಹೆಲ್ಮೆಟು ಇಟ್ಟು ಒಳಗೆ ಕರೆದೊಯ್ದೆ.
ಗುಂಡಿ ಒತ್ತಿದೆ. ಹೊಗೆಯೊಳಗಿಂದ ಆ ಮನುಷ್ಯ
ಎರಡೂ ಕೈ ಚಾಚಿ ಮೇಲೇರಿದ.
ನಾಲ್ಕನೆಯದು ಅದೇ ಹಾಡು. ನಮ್ಮ ಮಂಚ ಕಿರುಗುಟ್ಟಿತು,
ಚಾದರ ತಿರುಗತೊಡಗಿತು, ತಾಳ ನಿಂತಿತು.
ಕುವೈತಿನ ಹುಡುಗರು, ಐರ್ಲೆಂಡಿನ ನರ್ಸುಗಳು,
ನೀರಿನ ಬಾಟಲಿ ಮಾರುವ ನೇಪಾಳಿ ಕೂಡ
ಒಂದೇ ಗಂಟಲಲ್ಲಿ: ತರಿ ಮರಾಯಾ, ತರಿ!
ಸೆಕ್ಯುರಿಟಿಯವ ನನಗೆ ತಿಳಿಸಿಕೊಟ್ಟ,
ಅದು ಆಫ್ರಿಕಾದ ಯಾವುದೋ ಪ್ರಾರ್ಥನೆಯಂತೆ.

ವಲೇರಿಯನ್ ಕುಣಿಯಲಿಲ್ಲ. ಬಲಗಿವಿ ತಿರುಗಿಸಿ ಕೇಳಿ
"ಬೇಸ್ ಸ್ವಲ್ಪ ಜಾಸ್ತಿ ಇಟ್ಟಿದ್ದಾನೆ" ಅಂದ, ಅಷ್ಟೇ.
ಇಳಿಸುವ ಗುಂಡಿ ನನ್ನ ಕೈಯಲ್ಲಿತ್ತು.
ಕೆಂಪು. ಒತ್ತಿದರೆ ನಮ್ಮ ಭಾಷೆಯ ಡ್ರಾಪ್.
ಹೆಬ್ಬೆರಳು ಎಷ್ಟು ಹೊತ್ತು ಅದರ ಮೇಲಿತ್ತೋ ಗೊತ್ತಿಲ್ಲ,
ಅವನು ನೋಡಿದ.
ನನ್ನ ಮಣಿಕಟ್ಟು ಹಿಡಿದ, ಮೆಲ್ಲಗೆ,
"ತಡಿ ಮಾರಾಯ," ಅಂದ, "ಹಾಡು ಮುಗಿಯಲಿ."